ರೊಟ್ಟಿ ಬಡಿದ ಅತ್ತೆ, ವಿಷಾದಿಸಿದ ಅಳಿಯ

ಕೊಳಕೂರಿನ ಧರ್ಮಣ್ಣನಿಗೆ ಕಂಪ್ಯೂಟರ್ ಬರುತ್ತದೆ ಎಂದು ಊರೆಲ್ಲ ನಂಬಿತ್ತು. ಊರು ನಂಬಿದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಧರ್ಮಣ್ಣನೂ ಅದನ್ನು ನಂಬಿದ ಮೇಲೆ.

ಜೇವರ್ಗಿಯ ತಹಶೀಲ್ ಕಚೇರಿಯ ಎದುರು ಅವನದೊಂದು ಅಂಗಡಿ ಇತ್ತು. ಹೆಸರು ‘ಮೈತ್ರಿ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್’. ಮೈತ್ರಿ ಅವನ ಮಗಳು, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅಂಗಡಿಯಲ್ಲಿ ಪಹಣಿ ತೆಗೆಯುವುದು, ಜಾತಿ-ಆದಾಯದ ಅರ್ಜಿ ಹಾಕುವುದು, ಮಕ್ಕಳ ರಿಸಲ್ಟ್ ನೋಡಿ ಹೇಳುವುದು ಎಲ್ಲ ನಡೆಯುತ್ತಿತ್ತು. ಆದರೆ ಅವನಿಗೆ ನಿಜವಾಗಿ ಹೆಸರು ತಂದದ್ದು ಶ್ರದ್ಧಾಂಜಲಿ ಬ್ಯಾನರುಗಳು. ಬದುಕಿದ್ದಾಗ ಹೆಂಡತಿಯಿಂದಲೂ ಒಂದು ಒಳ್ಳೆ ಮಾತು ಕೇಳದವರು ಧರ್ಮಣ್ಣನ ಬ್ಯಾನರಿನಲ್ಲಿ ಪೂಜ್ಯರಾಗುತ್ತಿದ್ದರು, ದಾನಶೂರರಾಗುತ್ತಿದ್ದರು. ಒಂದಿಬ್ಬರು ಮುದುಕರು ಮುಂಚಿತವಾಗಿಯೇ ಬಂದು ತಮ್ಮ ಬಗ್ಗೆ ಏನು ಬರೆಯುತ್ತಾನೆಂದು ವಿಚಾರಿಸಿ ಹೋಗಿದ್ದುಂಟು.

ಅವನ ಅತ್ತೆ ಕಸ್ತೂರಿಬಾಯಿ ಅವನ ಮನೆಯಲ್ಲೇ ಇದ್ದಳು. ಅವಳು ಧರ್ಮಣ್ಣನ ಅಪ್ಪನ ತಂಗಿ. ತಾಯಿ ಇಲ್ಲದ ಅವನನ್ನು ಸಾಕಿದವಳು, ಮುಂದೆ ತನ್ನ ಮಗಳು ಪಲ್ಲವಿಯನ್ನೇ ಕೊಟ್ಟು ಮದುವೆ ಮಾಡಿದವಳು. ಹೀಗೆ ಅವಳು ಎರಡೂ ಕಡೆಯಿಂದ ಅತ್ತೆಯಾಗಿದ್ದರಿಂದ, ಬೇರೆ ಅಳಿಯಂದಿರಿಗೆ ಸಿಗುವ ಮರ್ಯಾದೆ ಧರ್ಮಣ್ಣನಿಗೆ ಸಿಗಲಿಲ್ಲ. ಬೈಗುಳವೂ ಎರಡೂ ಕಡೆಯಿಂದ ಬರುತ್ತಿತ್ತು.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮುಂಜಾನೆ ಕಸ್ತೂರಿಬಾಯಿ ಬಚ್ಚಲದಲ್ಲಿ ಕಾಲು ಜಾರಿ ಬಿದ್ದಳು. ಧರ್ಮಣ್ಣ ಜೇವರ್ಗಿಗೆ ಹೋಗಿದ್ದ. ಪಲ್ಲವಿ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಹಿಂದಿನ ಓಣಿಯ ಹಿಟ್ಟಿನ ಗಿರಣಿ ಒಂದೇ ಸವನೆ ಗರಗರ ಎನ್ನುತ್ತಿತ್ತು. ಮುದುಕಿ ಕೂಗಿದಳು, ಚಂಬು ನೆಲಕ್ಕೆ ಬಡಿದಳು. ಯಾರಿಗೂ ಕೇಳಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಪಕ್ಕದ ಮನೆಯ ಹುಸೇನಬೀ ಮಜ್ಜಿಗೆ ಕೇಳಲು ಬಂದವಳು ನರಳಿಕೆ ಕೇಳಿ ಗಂಡ ಪೀರಸಾಬನನ್ನು ಕೂಗಿದಳು. ಒಳಚಿಲಕ ಹಾಕಿದ್ದ ಬಚ್ಚಲದ ಬಾಗಿಲನ್ನು ಪೀರಸಾಬ ಒದ್ದು ಮುರಿದ. ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ. ಸೊಂಟ ಬಾತು, ಮೈ ತಣ್ಣಗಾಗಿ, ಗಂಟಲು ಬಿದ್ದುಹೋಗಿತ್ತು.

ಸುದ್ದಿ ಅಫಜಲಪುರಕ್ಕೆ ಮುಟ್ಟಿತು. ಅಲ್ಲಿದ್ದವನು ಕಸ್ತೂರಿಬಾಯಿಯ ಹಿರಿಯ ಮಗ ಸೂರ್ಯಕಾಂತ. ರಸ್ತೆ, ಚರಂಡಿ ಗುತ್ತಿಗೆ ಹಿಡಿದು, ಮಾಳಿಗೆಯ ಮೇಲೆ ಮಾಳಿಗೆ ಏರಿಸಿ ಮನೆ ಕಟ್ಟಿದವನು. ಫೋನಿನಲ್ಲೇ ಗುಡುಗಿದ.

“ಧರ್ಮಣ್ಣಾ, ನಿನ್ನ ಕೈಲೆ ಒಬ್ಬಾಕಿ ಮುದುಕೀನ್ನ ನೋಡಿಕೊಳ್ಳಾಕ ಆಗಂಗಿಲ್ಲಂದ್ರ ಹೇಳು. ನಾ ಕರಕೊಂಡು ಹೋಗ್ತೇನಿ. ಮ್ಯಾಲಿನ ಮಾಳಗ್ಯಾಗ ಎಸಿ ರೂಮ್ ಖಾಲಿ ಅದ.”

ಫೋನಿನ ಸ್ಪೀಕರ್ ಹಾಕಿತ್ತು. ಹಾಸಿಗೆಯಲ್ಲಿದ್ದ ಕಸ್ತೂರಿಬಾಯಿ ಬಿದ್ದುಹೋದ ಗಂಟಲಿನಲ್ಲೇ ಉತ್ತರ ಕೊಟ್ಟಳು. “ಒಲ್ಲೆ. ಆ ರೂಮಿನ್ಯಾಗ ನನ್ನ ಕೂಡ ಮಾತಾಡಾಕ ಎಸಿ ಒಂದೇ ಇರ್ತದ. ಇಲ್ಲಿ ಹುಸೇನಬೀ ಇದ್ದಾಳ.”

“ಅವ್ವಾ, ಇದು ಹಟ ಮಾಡೋ ವಯಸ್ಸಲ್ಲ.”

“ಹಟಕ್ಕ ವಯಸ್ಸಿರ್ತದೇನೋ?”

ಸೂರ್ಯಕಾಂತ ಕೊನೆಗೆ ಒಂದು ಷರತ್ತು ಹಾಕಿದ. ಇನ್ನೊಮ್ಮೆ ಹೀಗಾದರೆ ತಾನು ಯಾರ ಮಾತನ್ನೂ ಕೇಳುವುದಿಲ್ಲ, ಗಾಡಿ ತಂದು ಎತ್ತಿ ಕೂಡಿಸಿಕೊಂಡು ಹೋಗುವುದೇ. ಧರ್ಮಣ್ಣ ಎದೆ ಮುಟ್ಟಿಕೊಂಡು ಹೇಳಿದ. “ಭಾವಾರ, ನೀವು ಬೇಫಿಕರ್ ಇರ್ರಿ. ಅತ್ತಿ ಬಿದ್ಲಂದ್ರ ಆಕಿ ನೆಲಾ ಮುಟ್ಟೋದ್ರಾಗ ನಿಮಗ ಫೋನ್ ಬರಬೇಕು, ಹಂಗ ಮಾಡ್ತೇನಿ.”

ಹೇಳಿದ ಮೇಲೆ ಮಾಡಲೇಬೇಕಲ್ಲ. ಮರುದಿನವೇ ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸಿ ಇಂಟರ್‌ನೆಟ್ಟನ್ನು ಜಾಲಾಡಿದ. ಮುದುಕರನ್ನು ಕಾಯಲು ಜಗತ್ತಿನಲ್ಲಿ ಇಷ್ಟೊಂದು ಯಂತ್ರಗಳಿವೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಎಲ್ಲದರ ಚಿತ್ರ ಪ್ರಿಂಟ್ ತೆಗೆದು ಸಂಜೆ ಅತ್ತೆಯ ಮುಂದೆ ಹರಡಿದ.

“ಇದು ಕ್ಯಾಮೆರಾ, ಅತ್ತಿ. ನೀ ಎಲ್ಲಿದ್ದಿ, ಏನು ಮಾಡಾಕತ್ತಿದಿ, ನಾ ಅಂಗಡ್ಯಾಗ ಕೂತು ನೋಡಬಹುದು.”

“ಬಿದ್ದದ್ದು ಎಲ್ಲಿ ನಾನು?”

“ಬಚ್ಚಲದಾಗ.”

“ಅಲ್ಲಿ ಹಚ್ಚತಿಯೇನು ಕ್ಯಾಮೆರಾ? ತಹಶೀಲ್ ಆಫೀಸಿನ ಮುಂದ ಕೂತು ಅತ್ತೀದು ಜಳಕ ನೋಡ್ತಿಯೇನೋ, ಬಾಡ್ಯಾ?”

ಕ್ಯಾಮೆರಾ ಚಿತ್ರ ಒಲೆಗೆ ಹೋಯಿತು. ಎರಡನೆಯದು ಮಂಚದ ಕೆಳಗೆ ಹಾಸುವ ಚಾಪೆ, ಮುದುಕಿ ಮಂಚ ಇಳಿದು ಕಾಲಿಟ್ಟರೆ ಕುಂಯ್ ಎನ್ನುವಂಥದ್ದು. ಅದನ್ನು ತರಿಸಿಯೇ ಬಿಟ್ಟ. ಹುಸೇನಬೀಯ ಕೋಳಿಗಳಿಗೆ ಆ ಚಾಪೆ ಬಹಳ ಹಿಡಿಸಿತು. ಚಾಪೆ ದಿನವಿಡೀ ಕುಂಯ್‌ಗುಟ್ಟಿತು, ಪಲ್ಲವಿ ದಿನವಿಡೀ ಓಡಿಬಂದಳು, ಓಡಿಬಂದಾಗಲೆಲ್ಲ ಅಲ್ಲೊಂದು ಕೋಳಿ ನಿಂತು ಅವಳ ಮುಖ ನೋಡುತ್ತಿತ್ತು. ಚಾಪೆಯನ್ನೂ ಸುತ್ತಿ ಅಟ್ಟಕ್ಕೆ ಹಾಕಿದರು.

“ಸಾಕು ಬಿಡ್ರಿ,” ಎಂದಳು ಪಲ್ಲವಿ.

“ಇಷ್ಟಕ್ಕ ಬಿಡಾಂವ ಅಲ್ಲ ನಾನು,” ಎಂದ ಧರ್ಮಣ್ಣ. ಮುಖದಲ್ಲಿ ಆಗ ಸೋತ ಕಳೆ ಇರಲಿಲ್ಲ. ಅವನ ಅತ್ತೆ ಮುಂಜಾನೆಯಿಂದ ನಡುಹಗಲಿನ ತನಕ ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಆ ಹೊತ್ತಿನಲ್ಲಿ ತಾನು ಯಾರದೋ ಹುಟ್ಟುಹಬ್ಬದ ಬ್ಯಾನರಿಗೆ ಹೂವಿನ ಅಂಚು ಹಾಕುತ್ತಿದ್ದೆ ಎಂಬುದು ನೆನಪಾದಾಗಲೆಲ್ಲ ಅವನು ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದ.

ಮೂರನೆಯದಾಗಿ ಬಂದದ್ದೇ ಕೈಪಟ್ಟಿ. ಗಡಿಯಾರದ ಹಾಗೆ ಮುಂಗೈಗೆ ಕಟ್ಟುವುದು. ಕಟ್ಟಿಕೊಂಡವರು ಬಿದ್ದರೆ ತಾನೇ ತಿಳಿದುಕೊಳ್ಳುತ್ತದೆ. ಬೇಕೆಂದರೆ ಅದರ ಮೇಲಿನ ಕೆಂಪು ಗುಂಡಿಯನ್ನೂ ಒತ್ತಬಹುದು. ಜೊತೆಗೆ ಸಿಮ್ ಹಾಕಿದ ಒಂದು ಪೆಟ್ಟಿಗೆ. ಪಟ್ಟಿ ತಿಳಿಸಿದ ಕೂಡಲೇ ಪೆಟ್ಟಿಗೆ ನಾವು ತುಂಬಿಟ್ಟ ನಂಬರುಗಳಿಗೆ ಒಂದೊಂದಾಗಿ ಫೋನ್ ಹಚ್ಚಿ, ನಾವು ಹೇಳಿಟ್ಟ ಮಾತನ್ನು ಕೇಳಿಸುತ್ತದೆ. ಎತ್ತಿದವರು ಅದರ ಮೂಲಕವೇ ಮಾತಾಡಬಹುದು, ಅವರು ಫೋನ್ ಇಟ್ಟ ಮೇಲೆ ಮುಂದಿನ ನಂಬರು. ಯಾರಾದರೂ ಬಂದು ಬಂದ್ ಮಾಡುವ ತನಕ ಮತ್ತೆ ಮೊದಲಿನಿಂದ ಶುರು.

ಆ ಮಾತನ್ನು ಹೇಳಿಡುವ ಕೆಲಸ ಬಂತು. ಧರ್ಮಣ್ಣ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕುಳಿತ.

“ಅವ್ವ ಬಿದ್ದಾಳ, ಜಲ್ದಿ ಬರ್ರಿ ಅನ್ರಿ, ಮುಗೀತು,” ಎಂದಳು ಪಲ್ಲವಿ.

“ಅದೇನ್ ದನಾ ಕರದಂಗ? ಅಫಜಲಪುರಕ್ಕ ಹೋಗ್ತದ, ಆಳಂದದ ಬೀಗರಿಗಿ ಹೋಗ್ತದ, ಪಂಚಾಯಿತಿ ಮೆಂಬರ್ ಗುರುಲಿಂಗಪ್ಪೋರಿಗಿ ಹೋಗ್ತದ. ಒಂದು ಸ್ಟ್ಯಾಂಡರ್ಡ್ ಇರಬೇಕು.”

ಗಂಟಲು ಸರಿಮಾಡಿಕೊಂಡ. ಇಷ್ಟು ವರ್ಷ ಬ್ಯಾನರು ಬರೆದ ಕೈ. ಮಾತೂ ಅದೇ ದಾರಿ ಹಿಡಿಯಿತು. “ಆತ್ಮೀಯರೇ, ಜೈಭೀಮ, ನಮಸ್ಕಾರ. ನಾನು ಮೈತ್ರಿ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರಿನ ಮಾಲೀಕ ಧರ್ಮಣ್ಣ. ಅತೀವ ವಿಷಾದದಿಂದ ತಿಳಿಸುವುದೇನೆಂದರೆ, ನಮ್ಮ ಪೂಜ್ಯ ಅತ್ತೆಯವರಾದ ಕಸ್ತೂರಿಬಾಯಿಯವರು ಇಂದು ನಮ್ಮ ಸ್ವಗೃಹದಲ್ಲಿ ಜಾರಿ ಬಿದ್ದಿರುವ ಸಾಧ್ಯತೆ ಇದ್ದು, ತಾವುಗಳು ದಯಮಾಡಿ ಆಗಮಿಸಿ ಸಹಕರಿಸಬೇಕಾಗಿ ವಿನಂತಿ.”

ಪೆಟ್ಟಿಗೆಗೆ ಅಷ್ಟು ಉದ್ದದ ಮಾತು ಹಿಡಿಯುತ್ತಿರಲಿಲ್ಲ. ‘ಸ್ವಗೃಹದಲ್ಲಿ’ ಎಂಬಲ್ಲಿಗೆ ಅದರ ಹೊಟ್ಟೆ ತುಂಬಿ, ಕೆಂಪು ದೀಪ ಮಿನುಗಿಸಿ ಕಿವಿ ಮುಚ್ಚಿಕೊಂಡಿತು. ದೀಪ ಮಿನುಗಿದ್ದನ್ನು ಧರ್ಮಣ್ಣ ಮೆಚ್ಚುಗೆ ಎಂದು ತಿಳಿದ. ಮತ್ತೊಮ್ಮೆ ಕೇಳಿ ನೋಡಬಹುದಿತ್ತು. ಆದರೆ ತನ್ನ ದನಿಯನ್ನು ತಾನೇ ಕೂತು ಕೇಳುವುದು ಅಹಂಕಾರವಾಗುತ್ತದೆ ಎಂದು ಬಿಟ್ಟ. ಮನುಷ್ಯನಿಗೆ ವಿನಯ ಯಾವಾಗ ಬರಬೇಕೋ ಆಗ ಬರುವುದಿಲ್ಲ, ಇಂಥ ಹೊತ್ತಿಗೆ ಬರುತ್ತದೆ. ಆಮೇಲೆ ಪೆಟ್ಟಿಗೆಯನ್ನು ಒಳಕೋಣೆಯಲ್ಲಿಟ್ಟು, ಧೂಳು ಕೂಡಬಾರದೆಂದು ಮೇಲೆ ಒಂದು ಕೌದಿ ಹೊದಿಸಿದ.

ಕಸ್ತೂರಿಬಾಯಿ ಮುಂಗೈಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದು ಕಟ್ಟಿಕೊಂಡ್ರ ಸೂರ್ಯಾ ನನ್ನ ಒಯ್ಯಂಗಿಲ್ಲಲ್ಲ?”

“ಒಯ್ಯಂಗಿಲ್ಲ.”

“ಹಂಗಾರ ಇರಲಿ.”

ಮರುದಿನ ಧರ್ಮಣ್ಣ ನೆಮ್ಮದಿಯಿಂದ ಅಂಗಡಿಗೆ ಹೋದ. ಪಲ್ಲವಿಗೆ ಜೇವರ್ಗಿಯಲ್ಲಿ ಅಂಗನವಾಡಿಯವರ ಮೀಟಿಂಗ್ ಇತ್ತು. ಅಲ್ಲಿ ಎಲ್ಲರ ಫೋನ್ ಬಂದ್ ಮಾಡಿಸಿದ್ದರು. ಮನೆಯಲ್ಲಿ ಕಸ್ತೂರಿಬಾಯಿ ಒಲೆ ಹಚ್ಚಿ, ಹಿಟ್ಟು ನಾದಿ, ರೊಟ್ಟಿ ಬಡಿಯಲು ಕುಳಿತಳು. ಸೊಂಟ ಎಷ್ಟೇ ನೋಯಲಿ, ರೊಟ್ಟಿಯನ್ನು ಇನ್ನೊಬ್ಬರ ಕೈಗೆ ಬಿಡುವ ಹೆಂಗಸಲ್ಲ ಅವಳು.

ಕೈಪಟ್ಟಿ ಮಾಡಿದ ಜನ ಜಾಣರೇ. ಕೈ ಜೋರಾಗಿ ಕೆಳಗೆ ಬಂದು ಗಟ್ಟಿ ಜಾಗಕ್ಕೆ ತಾಗಿ ಗಕ್ಕನೆ ನಿಂತರೆ ಮನುಷ್ಯ ಬಿದ್ದ ಎಂದು ಅದಕ್ಕೆ ಕಲಿಸಿದ್ದರು. ಆದರೆ ಅವರ ಊರಿನಲ್ಲಿ ಜೋಳದ ರೊಟ್ಟಿ ಇರಲಿಲ್ಲ. ಕಸ್ತೂರಿಬಾಯಿಯ ಅಂಗೈ ಪಟಪಟ ಎಂದು ಹಿಟ್ಟಿನ ಮೇಲೆ ಬಡಿಯತೊಡಗಿದಾಗ ಪಟ್ಟಿ ಕಂಗಾಲಾಯಿತು. ಅದರ ಲೆಕ್ಕದಲ್ಲಿ ಮುದುಕಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ಒಂದು ರೊಟ್ಟಿ ಮುಗಿಯುವುದರಲ್ಲಿ ಗುಡ್ಡದ ಮೇಲಿನಿಂದ ಉರುಳಿದಷ್ಟು ಬಿದ್ದಳು. ಕೌದಿಯ ಕೆಳಗೆ ಪೆಟ್ಟಿಗೆ ಕುಂಯ್‌ಗುಟ್ಟಿತು. ಗಿರಣಿಯ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಪೆಟ್ಟಿಗೆ ಫೋನ್ ಹಚ್ಚತೊಡಗಿತು.

ಮೊದಲ ಫೋನ್ ಬಂದದ್ದು ಧರ್ಮಣ್ಣನಿಗೇ. ಅವನು ಇಜೇರಿಯ ಒಬ್ಬ ರೈತನ ಒಟಿಪಿಗಾಗಿ ಕಾಯುತ್ತಿದ್ದ. ಪೆಟ್ಟಿಗೆಯ ಸಿಮ್ ನಂಬರನ್ನು ತನ್ನ ಫೋನಿನಲ್ಲಿ ಹೆಸರು ಹಾಕಿ ಇಟ್ಟುಕೊಳ್ಳುವುದನ್ನು ಮರೆತಿದ್ದ. “ಲೋನ್ ಬೇಕೇನ್ರಿ ಅನ್ನೋರು ಇವರು,” ಎಂದು ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಮೂರನೇ ಸಲ ಸಿಟ್ಟಿನಿಂದ ಫೋನನ್ನು ಮಗುಚಿ ಇಟ್ಟ.

ಅಷ್ಟರಲ್ಲಿ ಪೀರಸಾಬನ ಮಗ ಮುಜೀಬ ತನ್ನ ಆಟೋವನ್ನು ಅಂಗಡಿಯ ಮೆಟ್ಟಿಲ ತನಕ ನುಗ್ಗಿಸಿ ನಿಲ್ಲಿಸಿದ. ಇಳಿದವನ ಕಣ್ಣುಗಳು ಕೆಂಪಾಗಿದ್ದವು.

“ಚಾಚಾ, ದುಕಾನ್ ಬಂದ್ ಮಾಡ್ರಿ. ಹೋಗೂನು ನಡೀರಿ.”

“ಯಾಕೋ, ಏನಾತು?”

“ಏನಾತು ಅಂತ ಕೇಳ್ತೀರಲ್ಲ ಚಾಚಾ! ಅಜ್ಜಿ ಹೋದ್ರು ಅಂತ ನೀವೇ ಈಗ ಫೋನಿನ್ಯಾಗ ಹೇಳಿದ್ರಿ!”

“ನಾನು? ನಾ ಯಾವಾಗ ಹೇಳಿದ್ನೋ?”

ಮಗುಚಿಟ್ಟ ಫೋನ್ ಮತ್ತೆ ಬಡಿದುಕೊಂಡಿತು. ಮುಜೀಬ ಎತ್ತಿ ನೋಡಿ, “ಇದೇ ನಂಬರ್ ಚಾಚಾ, ನನಗ ಬಂದದ್ದು,” ಎಂದ. ಧರ್ಮಣ್ಣ ಕಿವಿಗೆ ಹಿಡಿದ.

“...ಅತೀವ ವಿಷಾದದಿಂದ ತಿಳಿಸುವುದೇನೆಂದರೆ, ನಮ್ಮ ಪೂಜ್ಯ ಅತ್ತೆಯವರಾದ ಕಸ್ತೂರಿಬಾಯಿಯವರು ಇಂದು ನಮ್ಮ ಸ್ವಗೃಹದಲ್ಲಿ...” ಎಂದು, ಮುಂದೆ ಹೇಳಲಾರದಂತೆ, ಆ ದನಿ ನಿಂತುಹೋಯಿತು.

ತನ್ನ ದನಿಯ ಮೇಲೆ ಧರ್ಮಣ್ಣನಿಗೆ ಮೊದಲಿನಿಂದಲೂ ಅಪಾರ ಗೌರವ. ಅದು ಸುಳ್ಳು ಹೇಳೀತು ಎಂದು ಅವನಿಗೆ ಅನಿಸಲೇ ಇಲ್ಲ. ಕುರ್ಚಿಯಲ್ಲಿ ಕುಸಿದು, “ಅಯ್ಯೋ ನಮ್ಮತ್ತೀ!” ಎಂದು ಚೀರಿದ.

“ಚಾಚಾ, ಜರಾ ತಡೀರಿ, ಖರೇ ಏನು ಅಂತ...”

“ಖರೇನೇ ಮುಜೀಬಾ! ‘ಜಾರಿ ಬಿದ್ದಿರುವ ಸಾಧ್ಯತೆ’ ಅಂತ ನಾ ಹೇಳಿಟ್ಟಿದ್ದೆ. ಯಂತ್ರ ಆ ಮಾತು ಹೇಳವಲ್ದು! ಬೀಳೋದಕ್ಕಿಂತ ಹೆಚ್ಚಿಂದು ಆಗ್ಯಾದ ಅಂತ ಅದಕ ಗೊತ್ತಾಗಿ, ಆ ಮಾತು ಕಡಿದು ಒಗದಾದ!”

ಇಜೇರಿಯ ರೈತ ಒಟಿಪಿ ಬಂದ ಫೋನನ್ನು ಕಿಸೆಗೆ ಹಾಕಿಕೊಂಡು ತಾನೂ ಕಣ್ಣೊರೆಸಿಕೊಂಡ.

ದಾರಿಯುದ್ದಕ್ಕೂ ಧರ್ಮಣ್ಣ ಮನೆಗೆ ಫೋನ್ ಹಚ್ಚಿದ. ಕಸ್ತೂರಿಬಾಯಿಯ ಗುಂಡಿ ಫೋನ್ ದಿಂಬಿನ ಕೆಳಗೆ ಚಾರ್ಜಿಲ್ಲದೆ ಮಲಗಿತ್ತು. ಹುಸೇನಬೀಗೆ ಫೋನೇ ಇರಲಿಲ್ಲ. ಯಾರೂ ಎತ್ತದಿದ್ದುದು ಧರ್ಮಣ್ಣನಿಗೆ ಇನ್ನೊಂದು ಸಾಕ್ಷಿಯಾಯಿತು.

ಕೊಳಕೂರಿನಲ್ಲಿ ಏನಾಗಿತ್ತೆಂಬುದನ್ನು ಹುಸೇನಬೀ ಮುಂದೆ ಎಷ್ಟೋ ದಿನ ನಕ್ಕು ನಕ್ಕು ಹೇಳುತ್ತಿದ್ದಳು. ಮೆಂಬರ್ ಗುರುಲಿಂಗಪ್ಪನಿಗೆ ಫೋನ್ ಹೋಗಿ, ಅವನು ಓಣಿಗೆಲ್ಲ ತಿಳಿಸಿ, ಹೆಂಗಸರು ಸೆರಗು ಬಾಯಿಗೆ ಹಿಡಿದು ಅಳುತ್ತ ಬರುತ್ತಿದ್ದರು. ಕಸ್ತೂರಿಬಾಯಿ ರೊಟ್ಟಿ ಮುಗಿಸಿ, ಕೈ ತೊಳೆದು ಹೊರಗೆ ಬಂದು ಇಣುಕಿದಳು. ಇಡೀ ಓಣಿ ಅಳುತ್ತ ತನ್ನ ಮನೆಯ ಕಡೆಗೆ ಬರುತ್ತಿದೆ. ಪಕ್ಕದಲ್ಲಿರುವುದು ಪೀರಸಾಬನ ಮನೆಯೊಂದೇ. ಅವನಿಗೋ ನಿನ್ನೆಯಿಂದ ಕೆಮ್ಮು.

“ಯಪ್ಪಾ, ಪೀರಸಾಬ ಹೋದ್ನಲ್ಲೋ!” ಎಂದು ಕಸ್ತೂರಿಬಾಯಿ ಸೊಂಟ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ, ಹುಸೇನಬೀಯ ಕೊರಳಿಗೆ ಬಿದ್ದು ಗೋಳೋ ಎಂದು ಅತ್ತಳು. ಹುಸೇನಬೀಗೆ ದಿಕ್ಕು ತಪ್ಪಿತು. ಗಂಡ ಬೆಳಿಗ್ಗೆ ಹೊಲಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. “ಯಾ ಅಲ್ಲಾ!” ಎಂದು ಅವಳೂ ಎದೆ ಬಡಿದುಕೊಂಡಳು. ಓಣಿಯ ಹೆಂಗಸರು ಸತ್ತವಳೇ ಎದ್ದು ಬಂದು ಅಳುತ್ತಿರುವುದನ್ನು ಕಂಡು, ಏನು ಮಾಡಬೇಕೋ ತಿಳಿಯದೆ, ಶುರು ಮಾಡಿದ ಅಳುವನ್ನು ಮುಂದುವರಿಸಿದರು. ಈ ನಡುವೆ ಪೀರಸಾಬ ಹೊಲದಿಂದ ಬಂದ. ತನ್ನ ಮನೆಯ ಮುಂದೆ ಇಷ್ಟು ಜನ ಅಳುವುದನ್ನು ನೋಡಿ, “ಯಾರ್ ಹೋದ್ರೋ?” ಎಂದು ತಾನೂ ಟೋಪಿ ತೆಗೆದು ಅಳತೊಡಗಿದ. ಅವನ ದನಿ ಕೇಳಿ ಹುಸೇನಬೀ ಚೀರಿದ್ದು ಗಿರಣಿಯವರಿಗೂ ಕೇಳಿತಂತೆ. ಅವರು ಗಿರಣಿ ನಿಲ್ಲಿಸಿ ಓಡಿಬಂದರು.

ಧರ್ಮಣ್ಣ ಆಟೋದಿಂದ ಹಾರಿದ. ಜನರ ನಡುವೆ ಕಸ್ತೂರಿಬಾಯಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು. ಅವನನ್ನು ಕಂಡವಳೇ ತೋಳು ಹಿಡಿದು ಕೇಳಿದಳು. “ಧರ್ಮಾ, ಪೀರಸಾಬ ಇಲ್ಲೇ ಇದ್ದಾನ. ಹಂಗಾರ ಹೋದವ್ರು ಯಾರೋ?”

ಧರ್ಮಣ್ಣ ಅವಳ ಮುಖ ಮುಟ್ಟಿ ನೋಡಿದ. “ನೀನೇ ಅತ್ತಿ!” ಎಂದ.

ಅಷ್ಟರಲ್ಲಿ ಹಿಂದಿನಿಂದ ಬಂದ ಗುರುಲಿಂಗಪ್ಪ ಮುದುಕಿಯನ್ನು ನೋಡದೆ, ಕೈ ಮುಗಿದು ಶುರು ಮಾಡಿದ. “ಬಂಧುಗಳೇ, ಇಂದು ನಮ್ಮನ್ನೆಲ್ಲ ಅಗಲಿದ ಹಿರಿಯ ಜೀವ ಕಸ್ತೂರಿಬಾಯಿಯವರು ಬಹಳ ಶಾಂತ ಸ್ವಭಾವದವರು...”

“ಯಾವನೋ ಅಂವ, ನನ್ನ ಶಾಂತ ಅಂದಾಂವ?” ಎಂದಳು ಕಸ್ತೂರಿಬಾಯಿ.

ಒಳಕೋಣೆಯ ಕೌದಿ ತೆಗೆದು ಪೆಟ್ಟಿಗೆ ಬಂದ್ ಮಾಡುವ ಹೊತ್ತಿಗೆ ಅದು ಇಡೀ ಬಳಗಕ್ಕೆ ಹಲವು ಸುತ್ತು ವಿಷಾದಿಸಿ ಮುಗಿಸಿತ್ತು. ಧರ್ಮಣ್ಣ ಆಳಂದಕ್ಕೆ ಫೋನ್ ಮಾಡಿ, ಅತ್ತೆ ಬದುಕಿದ್ದಾಳೆಂದು ಹೇಳಿದ. ಆಗಲೇ ಗಾಡಿ ಹತ್ತಿದ್ದ ಬೀಗರು ನಂಬಲಿಲ್ಲ. “ದುಃಖದಾಗ ಹಿಂಗ ಅನಿಸ್ತದಪ್ಪ, ಧೈರ್ಯ ತಗೋ,” ಎಂದರು. ಕಸ್ತೂರಿಬಾಯಿಯೇ ಫೋನ್ ಕಸಿದುಕೊಂಡು ಬೈದ ಮೇಲೆ ಬೈಗುಳ ಗುರುತಿಸಿ ಗಾಡಿ ತಿರುಗಿಸಿದರು. ಸೂರ್ಯಕಾಂತನ ಫೋನ್ ಮಾತ್ರ ಹತ್ತಲೇ ಇಲ್ಲ.

ಅವನು ಬಂದ. ಹಿಂದೆ ಒಂದು ಕ್ರೂಸರ್ ತುಂಬ ಜನ, ಬಿಳಿ ಸೀರೆ, ಹೂಮಾಲೆ, ಅದರ ಹಿಂದೆ ಟೆಂಪೋದಲ್ಲಿ ಹೆಣ ಇಡುವ ಗಾಜಿನ ಫ್ರೀಜರ್ ಪೆಟ್ಟಿಗೆ. ಅಫಜಲಪುರದ ಗುತ್ತಿಗೆದಾರ, ಯಾವುದರಲ್ಲೂ ಕಡಿಮೆ ಮಾಡಿರಲಿಲ್ಲ. ಕೆಂಪಾದ ಕಣ್ಣಿಂದ ಒಳಗೆ ನುಗ್ಗಿದವನಿಗೆ ಪಡಸಾಲೆಯಲ್ಲಿ ಹುಸೇನಬೀಯ ಜೊತೆ ಚಹಾ ಕುಡಿಯುತ್ತ ಕುಳಿತಿದ್ದ ಅವ್ವ ಕಂಡಳು.

ಸೂರ್ಯಕಾಂತ ನೆಲದ ಮೇಲೆ ಕುಸಿದು, ಅವ್ವನ ಮಡಿಲಲ್ಲಿ ತಲೆಯಿಟ್ಟು ಸಣ್ಣ ಹುಡುಗನ ಹಾಗೆ ಬಿಕ್ಕಿದ. ಅವನ ಕೈಯಲ್ಲಿದ್ದ ಹೂಮಾಲೆ ಚಹಾದ ಬಸಿಯಲ್ಲಿ ಬಿದ್ದಿತ್ತು. ಕಸ್ತೂರಿಬಾಯಿ ಅವನ ತಲೆ ಸವರಿದಳು. ಅವನು ಅಳುವುದನ್ನು ಎಲ್ಲರೂ ನೋಡುತ್ತಿದ್ದರು, ಯಾರಿಗೂ ನಗು ಬರಲಿಲ್ಲ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು.

“ಸಾಕು ಇದು. ಅವ್ವ ಈಗಿಂದೀಗ ನನ್ನ ಕೂಡ ಬರ್ತಾಳ. ಏ, ಅವ್ವನ ಟ್ರಂಕ್ ತಗೀರಿ!”

ಎಲ್ಲರೂ ಧರ್ಮಣ್ಣನ ಕಡೆ ನೋಡಿದರು. ಅವನು ಮೂಲೆಯಲ್ಲಿ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿಯಲು ಸಿದ್ಧನಿದ್ದ. ಆದರೂ ಮುಂದೆ ಬಂದು ಟ್ರಂಕಿನ ಮೇಲೆ ಕುಳಿತುಬಿಟ್ಟ.

“ಭಾವಾರ, ತಪ್ಪು ನಂದು. ನಾಕು ಮಂದ್ಯಾಗ ಚಪ್ಪಲಿ ತಗೊಂಡು ಹೊಡೀರಿ, ಹೊಡಿಸಿಕೊಳ್ತೇನಿ. ಆದ್ರ ಅತ್ತೀನ್ನ ಕಳಸಂಗಿಲ್ಲ. ಇದನ್ನ ಬರೋಬರ್ ಮಾಡೇ ಮಾಡ್ತೇನಿ.”

“ಏನು ಬರೋಬರ್ ಮಾಡ್ತಿಯೋ? ಬದುಕಿದಾಕೀನ್ನ ಸಾಯಿಸಿದಿ!”

“ಸುಮ್ಮನಿರ್ರಿ ಇಬ್ಬರೂ,” ಎಂದಳು ಕಸ್ತೂರಿಬಾಯಿ. “ಅವತ್ತು ನಾ ಬಿದ್ದದ್ದು ಹ್ಯಾಂಗ, ಏನು ಹಿಡಿಯಾಕ ಹೋಗಿ ಸಿಗಲಿಲ್ಲ, ಒಬ್ಬರಾದ್ರೂ ಕೇಳೀರೇನು? ಒಬ್ಬಾಂವ ಎಸಿ ಅಂದ, ಒಬ್ಬಾಂವ ಕ್ಯಾಮೆರಾ ಅಂದ. ಬಚ್ಚಲದಾಗ ಕೈಗಿ ಆಸರ ಇಲ್ಲ, ಗ್ವಾಡಿ ನುಣ್ಣಗದ. ಬಿದ್ದ ಮ್ಯಾಲ ಗಿರಣಿ ಸಪ್ಪಳದಾಗ ನನ್ನ ದನಿ ನನಗೇ ಕೇಳವಲ್ದಾಗಿತ್ತು. ಯಾರೂ ಬರಂಗಿಲ್ಲ, ಹಿಂಗೇ ಹೋಗ್ತೇನಿ ಅನಿಸ್ತು. ನನಗ ಸಾಯೋದು ಅಂಜಿಕಿ ಇಲ್ಲಪ್ಪ. ಮೈಮ್ಯಾಲ ಅರಿವಿ ಇಲ್ಲದ, ಒಬ್ಬಾಕೀನೇ, ಬಚ್ಚಲದಾಗ... ಅದು ಅಂಜಿಕಿ.”

ಹುಸೇನಬೀ ಅವಳ ಕೈ ಹಿಡಿದುಕೊಂಡಳು. ಪಲ್ಲವಿ ಮೀಟಿಂಗಿನಿಂದ ಓಡಿಬಂದವಳು ಬಾಗಿಲಲ್ಲೇ ನಿಂತು ಕಣ್ಣೀರು ಹಾಕಿದಳು.

“ಧರ್ಮಾ ತಂದ ಪಟ್ಟಿ ಖೊಟ್ಟಿ ಅಲ್ಲ,” ಎಂದಳು ಕಸ್ತೂರಿಬಾಯಿ. “ಆದ್ರ ಅದು ತಾನೇ ತಿಳಕೊಳ್ಳೋದು ಬ್ಯಾಡ. ನಾ ಒತ್ತಿದ್ರ ಅಷ್ಟೇ ಕೂಗಬೇಕು. ಕೈಗಿ ಒಲ್ಲೆ, ಕೊರಳಾಗ ದಾರಕ್ಕ ಕಟ್ಟು. ಹುಸೇನಬೀಗಿ ಒಂದು ಫೋನ್ ಕೊಡಸು. ಮತ್ತ ಸೂರ್ಯಾ, ಊರ ಮಂದೀಗೆಲ್ಲ ರೋಡ್ ಮಾಡ್ತಿ. ಅವ್ವನ ಬಚ್ಚಲ ಮಾಡಾಕ ಆಗಂಗಿಲ್ಲೇನು?”

ಬೇಗ ಕೆಲಸ ಕೊಟ್ಟರೆ ಗುತ್ತಿಗೆದಾರನಿಗೆ ಸಿಟ್ಟು ಇಳಿಯುತ್ತದೆ. ಸೂರ್ಯಕಾಂತ ಎದ್ದು ಹೋಗಿ ಬಚ್ಚಲ ನೋಡಿಬಂದ. “ಈ ಬಚ್ಚಲ ಕಟ್ಟಿದಾಂವ ಯಾಂವ? ಹಿಡಿದು ಜೈಲಿಗಿ ಹಾಕಬೇಕು,” ಎಂದ. ಕಟ್ಟಿಸಿದವನು ಧರ್ಮಣ್ಣನೇ ಆದ್ದರಿಂದ ಅವನು ಟ್ರಂಕಿನ ಮೇಲಿಂದ ಮೇಲೇಳಲಿಲ್ಲ.

ಆ ವಾರವೆಲ್ಲ ಸೂರ್ಯಕಾಂತ ಅಲ್ಲೇ ನಿಂತು ಕೆಲಸ ಮಾಡಿಸಿದ. ನುಣ್ಣನೆಯ ಫರಸಿ ಕಿತ್ತು ಒರಟು ಕಲ್ಲು ಹಾಕಿಸಿದ, ಗೋಡೆಗೆ ಉದ್ದಕ್ಕೂ ಸ್ಟೀಲಿನ ಪೈಪು ಕೂಡಿಸಿದ. ಬಾಗಿಲಿನ ಒಳಚಿಲಕ ತೆಗೆದು, ಹೊರಗಿನಿಂದಲೂ ತೆರೆಯುವಂಥದ್ದು ಹಾಕಿಸಿದ. ಧರ್ಮಣ್ಣ ಪಟ್ಟಿಯ ಸ್ವಂತ ಬುದ್ಧಿಯನ್ನು ಬಂದ್ ಮಾಡಿ, ಅದನ್ನು ಕರಿ ದಾರಕ್ಕೆ ಪೋಣಿಸಿದ. ಪೆಟ್ಟಿಗೆಯನ್ನು ಕೌದಿಯಿಂದ ಬಿಡಿಸಿ ಪಡಸಾಲೆಯ ಗೋಡೆಗೆ ಏರಿಸಿದ. ಹುಸೇನಬೀಯ ಕೊರಳಿಗೂ ಒಂದು ಗುಂಡಿ ಫೋನ್ ಬಂತು. ಗಂಡನ ಫೋನ್ ಬಂದರೆ ಅವಳು ಎತ್ತುತ್ತಿರಲಿಲ್ಲ, “ಇದು ಕಸ್ತೂರಿ ಅಕ್ಕಂದು,” ಎನ್ನುತ್ತಿದ್ದಳು.

ಹೇಳಿಡುವ ಮಾತಿನ ಪ್ರಶ್ನೆ ಬಂದಾಗ ಧರ್ಮಣ್ಣ ಗಂಟಲು ಸರಿಮಾಡಿಕೊಂಡ. ಪಲ್ಲವಿ ಅವನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಕಸ್ತೂರಿಬಾಯಿ ಪೆಟ್ಟಿಗೆಗೆ ಬಾಯಿ ಹಚ್ಚಿ ಹೇಳಿದಳು. “ನಾ ಕಸ್ತೂರಿ. ಬಿದ್ದೇನಿ. ಸತ್ತಿಲ್ಲ. ಜಲ್ದಿ ಬರ್ರಿ.”

ನಂಬರುಗಳ ಸರದಿ ಮಾತ್ರ ಒಂದು ಸಣ್ಣ ಜಗಳವಾಯಿತು. ಹುಸೇನಬೀ ಮೊದಲು ಇರಲಿ ಎಂದ ಧರ್ಮಣ್ಣ. “ಹಿರೀ ಮಗ ನಾನು. ಮೊದಲ ನಂಬರ್ ನಂದೇ,” ಎಂದ ಸೂರ್ಯಕಾಂತ. ಬಚ್ಚಲ ಮಾಡಿಕೊಟ್ಟವನ ಮಾತು ತೆಗೆದುಹಾಕುವುದು ಹೇಗೆಂದು ಧರ್ಮಣ್ಣ ಒಪ್ಪಿದ. ಎಲ್ಲರೂ ಊಟ ಮಾಡಿ, ಸೂರ್ಯಕಾಂತ ಅಫಜಲಪುರದ ಹಾದಿ ಹಿಡಿದ.

ತೊಗರಿ ರಾಶಿಯ ಕಾಲ ಬಂತು. ಒಂದು ಮಧ್ಯಾಹ್ನ ಕಸ್ತೂರಿಬಾಯಿ ಅಂಗಳದಲ್ಲಿ ಕಾಳು ಒಣಹಾಕಿ ತಿರುಗುವಾಗ ಆಡು ಕಟ್ಟುವ ಗೂಟಕ್ಕೆ ಎಡವಿ ಬಿದ್ದಳು. ಈ ಸಲ ಕಾಲು ಉಳುಕಿ ಏಳಲು ಬರಲಿಲ್ಲ. ಕೊರಳಿಗೆ ಕೈ ಹಾಕಿ ಗುಂಡಿ ಒತ್ತಿದಳು. ಪಡಸಾಲೆಯ ಪೆಟ್ಟಿಗೆ ಕುಂಯ್ ಎಂದಿತು. ಕೂಡಲೇ ಅದರೊಳಗಿಂದ ಸೂರ್ಯಕಾಂತನ ದನಿ ಅಂಗಳಕ್ಕೂ ಕೇಳುವಂತೆ ಒದರಿತು.

“ಅವ್ವಾ! ಏನಾತವ್ವಾ? ಎಲ್ಲಿ ಬಿದ್ದಿ? ಹ್ಯಾಂಗ ಬಿದ್ದಿ?”

“ಅಂಗಳದಾಗ. ನೀ ಫೋನ್ ಇಡು!”

“ರಕ್ತ ಬಂದಾದೇನು? ತಲಿಗಿ ಪೆಟ್ಟಾಗ್ಯಾದೇನು? ನಾ ಹೊಂಟೇನಿ ಅವ್ವಾ, ನೀ ಅಲುಗಾಡಬ್ಯಾಡ, ಮಾತಾಡ್ತಾ ಇರು!”

“ಲೇ ಸೂರ್ಯಾ, ನೀ ಇಡೋತನಕ ಇದು ಹುಸೇನಬೀಗಿ ಹೋಗಂಗಿಲ್ಲೋ! ನೀ ಅಲ್ಲಿಂದ ಬರೋದ್ರಾಗ ತೊಗರಿ ಮೊಳಕಿ ಒಡೀತದ. ಇಡೋ!”

ಸೂರ್ಯಕಾಂತ ಇಟ್ಟ. ಮರುಗಳಿಗೆಯೇ ಪಕ್ಕದ ಮನೆಯಲ್ಲಿ ಗುಂಡಿ ಫೋನ್ ಕೂಗಿತು. ಹುಸೇನಬೀ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಹಿಂದೆ ಪೀರಸಾಬ ಬಂದ. ಇಬ್ಬರೂ ಸೇರಿ ಎತ್ತಿ ಕೂಡಿಸಿದರು. ಮುಜೀಬ ಆಟೋ ತಿರುಗಿಸಿಕೊಂಡು ಬಂದ. ಧರ್ಮಣ್ಣ ಒಬ್ಬನ ಅರ್ಜಿಯನ್ನು ಅರ್ಧಕ್ಕೆ ಬಿಟ್ಟು, ಅಂಗಡಿ ತೆರೆದಿಟ್ಟೇ ಓಡಿಬಂದ. ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಸುತ್ತಿ, ಸ್ವಲ್ಪ ದಿನ ಊರಬೇಡಿ ಎಂದು ಕಳಿಸಿದರು.

ಸಂಜೆ ಮನೆಗೆ ಬಂದು ಕೂತಾಗ ಸೂರ್ಯಕಾಂತನ ಫೋನ್ ಬಂತು. ಧರ್ಮಣ್ಣ ಹೊರಗೆ ಹೋಗಿ ಮಾತಾಡಿ ಬಂದ.

“ಏನಂತಾನ ಅಂವ? ಟ್ರಂಕ್ ತಗೀರಿ ಅಂದ್ನೇನು?” ಎಂದಳು ಕಸ್ತೂರಿಬಾಯಿ.

“ಇಲ್ಲತ್ತಿ. ‘ನನ್ನ ನಂಬರ್ ಮೊದಲಿಗಿ ಬ್ಯಾಡ, ಕೊನಿಗಿ ಹಾಕು’ ಅಂದ್ರು.” ಧರ್ಮಣ್ಣ ಅವಳ ಕಾಲ ಬಳಿಗೆ ದಿಂಬು ಸರಿಸಿದ. “‘ತಗದು ಮಾತ್ರ ಒಗೀಬ್ಯಾಡ ಧರ್ಮಣ್ಣಾ’ ಅಂತ ಎರಡೆರಡು ಸಲ ಹೇಳಿದ್ರು. ದನಿ ಭಾರ ಆಗಿತ್ತು.”

ಕಸ್ತೂರಿಬಾಯಿ ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲೆ ನಿಧಾನ ಎತ್ತಿಟ್ಟುಕೊಂಡಳು.

“ಕೊನಿಗೇ ಹಾಕು,” ಎಂದಳು. “ಯಾರೂ ಎತ್ತಲಿಲ್ಲಂದ್ರೂ ಅಂವ ಎತ್ತತಾನ.”